ಬಾರದವರ ಪಟ್ಟಿ

ಬಡ ದೇಶವೊಂದರ ಗ್ರಾಮೀಣ ಆರೋಗ್ಯ ಕೇಂದ್ರದಲ್ಲಿ ಹೆರಿಗೆ ವಿಭಾಗದ ಹೊಣೆ ಹೊತ್ತಾಗ ನಾನು ಮೊದಲು ಮಾಡಿದ್ದು ಎರಡು ರಿಜಿಸ್ಟರ್‌ಗಳನ್ನು ತಾಳೆ ನೋಡುವ ಕೆಲಸ. ಒಂದು ಗರ್ಭಿಣಿಯರ ತಪಾಸಣೆಯದು, ಇನ್ನೊಂದು ಹೆರಿಗೆಯದು. ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದವರ ಹೆಸರು ಬರೆದುಕೊಂಡೆ. ಮೇಲಿನವರಿಗೆ ಹೋಗುವ ವರದಿಯಲ್ಲಿ ಬಂದವರ ಲೆಕ್ಕವಷ್ಟೇ ಇತ್ತು, ಬಾರದವರಿಗೆ ಕಾಲಂ ಇರಲಿಲ್ಲ.

ಪಟ್ಟಿ ಹಿಡಿದು ಮನೆಮನೆಗೆ ಹೋದೆವು. ಹೆಚ್ಚಿನವರು ದೂರದವರು, ಕೂಲಿಯವರು. ತಿಳಿವಳಿಕೆ ಇಲ್ಲದೆ ಮನೆಯಲ್ಲೇ ಹೆತ್ತವರು ತೀರಾ ಕಡಿಮೆ. ಹೆರಿಗೆ ಉಚಿತ ಎಂದು ಗೋಡೆಯ ಮೇಲಿದ್ದರೂ ಕೈಗವಸು, ಸಲೈನ್ ಹೊರಗಿನಿಂದಲೇ ತರಬೇಕಿತ್ತು. ರಾತ್ರಿ ಗಾಡಿಯವನು ಕೇಳಿದ್ದೇ ಬಾಡಿಗೆ. ಕೊನೆಗೆ, ದನಿ ತಗ್ಗಿಸಿ, ಲೇಬರ್ ವಾರ್ಡಿನ ಬೈಗುಳದ ಸಂಗತಿ ಹೇಳುತ್ತಿದ್ದರು. ನನ್ನ ಮಟ್ಟಿಗೆ ದೂರಕ್ಕಿಂತ ದೊಡ್ಡ ಅಡ್ಡಿ ಅದೇ.

1994ರಲ್ಲಿ ಥಡಿಯಸ್ ಮತ್ತು ಮೇನ್ ಎಂಬ ಸಂಶೋಧಕರು ತಾಯಂದಿರ ಸಾವಿಗೆ ದಾರಿಯಾಗುವ ಮೂರು ವಿಳಂಬಗಳನ್ನು ಗುರುತಿಸಿದರು: ಹೊರಡಲು ತೀರ್ಮಾನಿಸುವುದರಲ್ಲಿ, ತಲುಪುವುದರಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ. ಸಭೆಗಳಲ್ಲಿ ಮೊದಲನೆಯದರ ಮಾತೇ ಹೆಚ್ಚು. ತಪ್ಪನ್ನು ಮನೆಯವರ ಮೇಲೆ ಹೊರಿಸಲು ಅನುಕೂಲ ನೋಡಿ!

ನಾವು ಮೂರನೆಯದರಿಂದ ಶುರು ಮಾಡಿದೆವು. ಹೆರಿಗೆ ಕೋಣೆಯೊಳಗೆ ತಾಯಿಯೋ ಅಕ್ಕನೋ ಒಬ್ಬರು ಜೊತೆಗಿರಬಹುದು ಎಂದೆವು. ಕಣ್ಣೆದುರು ಮನೆಯವರಿದ್ದರೆ ಬೈಗುಳ ತಾನಾಗಿಯೇ ಕಡಿಮೆಯಾಗುತ್ತದೆ, ಯಾವ ತರಬೇತಿಯೂ ಬೇಕಾಗಲಿಲ್ಲ. ದೂರದವರು ದಿನ ತುಂಬುವ ಮೊದಲೇ ಬಂದಿರಲು ಒಂದು ಕೋಣೆ, ಅಡುಗೆಗೆ ಜಾಗ ಕೊಟ್ಟೆವು. ಮನೆಯಲ್ಲಿ ಸಣ್ಣ ಮಕ್ಕಳಿದ್ದವರಿಗೆ ಅದು ಒಗ್ಗಲಿಲ್ಲ. ಅವರಿಗಾಗಿ ಗಾಡಿಯವನನ್ನು ಮೊದಲೇ ಗೊತ್ತುಮಾಡಿ, ಬಾಡಿಗೆಯನ್ನು ಕೇಂದ್ರದಿಂದಲೇ ಕೊಡುವ ಏರ್ಪಾಡಾಯಿತು.

ಹೆಚ್ಚು ತಲೆ ಕೆಡಿಸಿಕೊಂಡದ್ದು ರಕ್ತಸ್ರಾವದ ಬಗ್ಗೆ. ಹೆತ್ತ ಮೇಲೆ ರಕ್ತ ಹರಿಯತೊಡಗಿದರೆ ತಾಯಿಯ ಜೀವ ಗಂಟೆಗಳಲ್ಲಿ ಹೋಗಬಹುದು. ಕಣ್ಣಳತೆಗೆ ಅದು ಸಾಮಾನ್ಯವಾಗಿ ಕಡಿಮೆಯೇ ಕಾಣುತ್ತದೆ. ಅದಕ್ಕೇ ಅಳತೆ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ತಾಯಿಯ ಅಡಿಗೆ ಹಾಸಲು ಶುರು ಮಾಡಿದೆವು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಅಳೆದು, ಗರ್ಭಕೋಶ ತಿಕ್ಕುವುದು, ಔಷಧಿ, ಸಲೈನ್ ಎಲ್ಲವನ್ನೂ ಒಟ್ಟಿಗೇ ಕೊಟ್ಟಾಗ ತೀವ್ರ ರಕ್ತಸ್ರಾವ ಮತ್ತು ಅದರ ಕೆಟ್ಟ ಪರಿಣಾಮಗಳು ಸುಮಾರು ಶೇ. 60ರಷ್ಟು ತಗ್ಗಿದವು. ಆದರೆ ಗರ್ಭಕೋಶವನ್ನು ಬಿಗಿಗೊಳಿಸಿ ರಕ್ತ ತಡೆಯುವ ಔಷಧಿ ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಕರೆಂಟು ಹೋಗುವ ಕಡೆ ಬಿಸಿಗೆ ಕೆಟ್ಟ ಔಷಧಿ ನೋಡಲು ಒಳ್ಳೆಯದರಂತೆಯೇ ಇರುತ್ತದೆ. ಹೀಗಾಗಿ ಫ್ರಿಜ್ಜಿನ ಉಷ್ಣತೆ ಬರೆದಿಡುವುದು ಪ್ರತಿ ಪಾಳಿಯ ಮೊದಲ ಕೆಲಸವಾಯಿತು.

2023ರ ಅಂದಾಜಿನಂತೆ ಬಡ ದೇಶಗಳಲ್ಲಿ ಪ್ರತಿ ಲಕ್ಷ ಜೀವಂತ ಜನನಕ್ಕೆ 346 ತಾಯಂದಿರು ಸಾಯುತ್ತಾರೆ, ಶ್ರೀಮಂತ ದೇಶಗಳಲ್ಲಿ 10. ಈ ಅಂತರವನ್ನು ಹಾಳೆ, ಗಾಡಿಗಳಷ್ಟೇ ಮುಚ್ಚಲಾರವು. ಸಿಸೇರಿಯನ್ ಬೇಕಾದವರನ್ನು ನಾವು ದೊಡ್ಡ ಆಸ್ಪತ್ರೆಗೇ ಕಳಿಸಬೇಕಿತ್ತು. ಹೊರಡುವ ಮುನ್ನ ಫೋನ್ ಮಾಡಿ ರಕ್ತದ ಗುಂಪು ತಿಳಿಸುತ್ತಿದ್ದೆವು. ಅಲ್ಲಿ ರಕ್ತವಿದ್ದ ದಿನ ಅರಿವಳಿಕೆಯವರು ಇರುತ್ತಿರಲಿಲ್ಲ, ಅವರಿದ್ದ ದಿನ ರಕ್ತ ಇರುತ್ತಿರಲಿಲ್ಲ.