ಹೆಸರು ಬಿಟ್ಟು ಜಮೀನು ಹಿಡಿದೆ: ಮರ್ಚಿಸ್ಟನ್ ನೇಪಿಯರ್‌ಗಳ ವಂಶವೃಕ್ಷ, ನನ್ನ ಅನುಭವ

"ಜಮೀನಿನ ಕಾಗದದಲ್ಲಿ ವಾರಸುದಾರ ಸಿಗುತ್ತಾನೆ, ವಂಶ ಸಿಗಲ್ಲ." ಹಳೆಯ ಮನೆತನಗಳ ವಂಶವೃಕ್ಷ ಕಟ್ಟಿಕೊಡುವುದು ನನ್ನ ಕೆಲಸ. ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ಇದೇ ಕೆಲಸ ಮಾಡುವ ಹಿರಿಯರೊಬ್ಬರು ನನಗೆ ಹೇಳಿದ ಮಾತು ಅದು. ಇನ್ನೊಬ್ಬರು ನಮ್ಮ ಕಡೆಯವರೇ. "ಅಲ್ಲ ಸಾರ್, ಪೀರೇಜ್ ಪುಸ್ತಕದಲ್ಲಿ ಎಲ್ಲಾ ಅಚ್ಚಾಗಿದೆಯಲ್ಲ, ಸುಮ್ನೆ ಯಾಕೆ ಒದ್ದಾಡ್ತೀರಿ?" ಅಂದರು. ಪೀರೇಜ್ ಅಂದರೆ ದೊಡ್ಡ ಮನೆತನಗಳ ವಂಶಾವಳಿ ಅಚ್ಚು ಮಾಡಿದ ಪುಸ್ತಕ. ಅದಕ್ಕೇ ಆ ಪುಸ್ತಕವನ್ನು ಮುಚ್ಚಿಟ್ಟೆ. 1430ರ ದಶಕದಿಂದ 1550ರವರೆಗೆ ಎಂಟು ತಲೆಮಾರನ್ನು ಬರೀ ಜಮೀನಿನ ದಾಖಲೆಗಳಿಂದ ಕಟ್ಟಿದೆ. ಎಲ್ಲಾ ಮುಗಿದ ಮೇಲೆ ಪುಸ್ತಕ ತೆರೆದು ಸಾಲು ಸಾಲಾಗಿ ಹೋಲಿಸಿದೆ. ಒಂದು ಕೊಂಡಿಯೂ ತಪ್ಪಿರಲಿಲ್ಲ.

ನೇಪಿಯರ್ ಮನೆತನವನ್ನೇ ಆರಿಸಿದ್ದಕ್ಕೆ ಕಾರಣವಿದೆ. ನಾವೆಲ್ಲ ಪಿಯುಸಿಯಲ್ಲಿ ತಿರುವಿ ಹಾಕಿದ ಲಾಗ್ ಟೇಬಲ್‌ಗೆ ಮೂಲಪುರುಷ ಈ ಮನೆತನದ ಜಾನ್ ನೇಪಿಯರ್. 1550ರಲ್ಲಿ ಹುಟ್ಟಿ, 1614ರಲ್ಲಿ ಲಾಗರಿದಮ್ ಪುಸ್ತಕ ಹೊರತಂದು, 1617ರಲ್ಲಿ ತೀರಿಕೊಂಡ. ಮರ್ಚಿಸ್ಟನ್ ಅನ್ನುವ ಅವನ ಮನೆತನದ ಗೋಪುರ ಈಗಲೂ ಎಡಿನ್‌ಬರೋದ ವಿಶ್ವವಿದ್ಯಾಲಯವೊಂದರ ಆವರಣದೊಳಗೆ ನಿಂತಿದೆ. ಇಂಥ ಮನೆತನದ ಉತ್ತರ ಎಲ್ಲರಿಗೂ ಗೊತ್ತಿರುತ್ತದೆ. ನನ್ನ ವಿಧಾನ ಸರಿಯೋ ತಪ್ಪೋ ಅನ್ನೋದು ಯಾರು ಬೇಕಾದರೂ ನೋಡಬಹುದು.

ಮೊದಲು ಕೈಕೊಟ್ಟ ದಾರಿಗಳ ಲೆಕ್ಕ ಹೇಳಿಬಿಡುತ್ತೇನೆ, ಯಾಕಂದ್ರೆ ದುಡ್ಡು ಹೋಗಿದ್ದು ಅಲ್ಲೇ. ಚರ್ಚ್ ರಿಜಿಸ್ಟರ್‌ಗಳಿಂದ ಈ ಕಾಲಕ್ಕೆ ಏನೂ ಆಗಲ್ಲ. ಉಳಿದಿರುವವುಗಳಲ್ಲಿ ಅತಿ ಹಳೆಯದು ಎರೋಲ್ ಊರಿನದು, ಶುರುವಾಗೋದೇ 1553ಕ್ಕೆ. ಗಣಿತಜ್ಞ ಹುಟ್ಟಿದ್ದು ಅದಕ್ಕೂ ಮೊದಲು. ಆದರೂ ಆನ್‌ಲೈನ್‌ನಲ್ಲಿ ಪುಟದ ಚಿತ್ರಕ್ಕಿಷ್ಟು ಅಂತ ಕ್ರೆಡಿಟ್ ಕೊಂಡು ಹುಡುಕುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆಮೇಲೆ ರೆಡಿಮೇಡ್ ವಂಶವೃಕ್ಷ. ಒಬ್ಬರಿಗೆ ಸುಮಾರು 300 ಪೌಂಡ್ ಕೊಟ್ಟು ಇನ್ನೊಂದು ಸಣ್ಣ ಮನೆತನದ್ದನ್ನು ಮಾಡಿಸಿದ್ದೆ. ಬಂದದ್ದು ಹಳೆಯ ಪುಸ್ತಕದ ಪುಟವೇ, ಹೊಸ ಫಾಂಟಿನಲ್ಲಿ. ಯಾವ ಚಾರ್ಟರ್ (ಜಮೀನಿನ ಹಕ್ಕುಪತ್ರ) ನೋಡಿ ಬರೆದಿರಿ ಅಂತ ಕೇಳಿದೆ. ಉತ್ತರವೇ ಬರಲಿಲ್ಲ. ಡಿಎನ್‌ಎ ಕೂಡ ನೋಡಿದ್ದಾಯ್ತು. ಗಿರಾಕಿಯೊಬ್ಬರ ಖರ್ಚಿನಲ್ಲಿ ಎರಡು ಕಿಟ್ ತರಿಸಿದೆವು. ಹದಿನೈದು ತಲೆಮಾರು ಹಿಂದಿನ ಅಜ್ಜನ ಪಾಲು ಮಾಮೂಲಿ ಪರೀಕ್ಷೆಯಲ್ಲಿ ಉಳಿದಿರುವುದೇ ಅಪರೂಪ. ವೈ ಕ್ರೋಮೋಸೋಮ್ ಪರೀಕ್ಷೆ ಮಾಡಿಸಿದರೆ "ಇವರಿಬ್ಬರೂ ದೂರದ ಒಂದೇ ಗಂಡುಸಾಲು" ಅಂತ ತಿಳಿಯುತ್ತದೆ, ಅಷ್ಟೇ. ಯಾರು ಯಾರ ಮಗ ಅಂತ ಅದು ಹೇಳಲ್ಲ.

ಈಗ ಕೆಲಸಕ್ಕೆ ಬಂದ ದಾರಿ. ನನ್ನ ಅಜ್ಜ ಶಾನುಭೋಗರು, ಪೌತಿ ಖಾತೆ ಬರೆದೇ ಬದುಕಿದವರು. ಖಾತೆದಾರ ಸತ್ತಾಗ ಜಮೀನು ಯಾರ ಹೆಸರಿಗೆ, ಯಾವ ಹಕ್ಕಿನಿಂದ ಹೋಯಿತು ಅನ್ನುವ ನಮೂದು ಅದು. ಸ್ಕಾಟ್‌ಲೆಂಡಿನ ಸೇಸಿನ್, ಅಂದರೆ ಜಮೀನನ್ನು ಹೊಸ ಒಡೆಯನ ವಶಕ್ಕೆ ಕೊಟ್ಟ ದಾಖಲೆ, ನೋಡಿದ ದಿನವೇ ನನಗೆ ಅನ್ನಿಸಿತು, ಇದೂ ಅದೇ. ಹಾಗಾಗಿ ನೇಪಿಯರ್ ಅನ್ನುವ ಹೆಸರನ್ನು ಹುಡುಕುವುದನ್ನೇ ಬಿಟ್ಟೆ. ಆ ಹೆಸರಿಗೆ ನೇಪರ್, ನೆಪೇರ್, ನೆಪರ್ ಅಂತ ಹತ್ತಾರು ಕಾಗುಣಿತ. ಮೇಲಾಗಿ ಈ ಮನೆಯಲ್ಲಿ ಅಲೆಕ್ಸಾಂಡರ್‌ಗಳದ್ದೇ ಸಾಲು. ಹೆಸರು ಹಿಡಿದು ಹೊರಟರೆ ಅಪ್ಪ ಯಾರು, ಮಗ ಯಾರು ಗೊತ್ತಾಗಲ್ಲ. ಜಮೀನು ಹಾಗಲ್ಲ. ಅದು ಒಂದು ಕಡೆ ನಿಂತಿರುತ್ತದೆ, ಅದರ ಮೇಲೆ ಬಂದು ಹೋಗುವವರನ್ನು ಎಣಿಸಿದರಾಯಿತು.

ರಾಜಮುದ್ರೆ ಹಾಕಿ ಕೊಟ್ಟ ಹಕ್ಕುಪತ್ರಗಳ ದಾಖಲೆ ಗ್ರೇಟ್ ಸೀಲ್ ರಿಜಿಸ್ಟರ್. ಅದರ ಎರಡನೇ ಸಂಪುಟ 1424ರಿಂದ 1513, ಮೂರನೆಯದು 1546ರವರೆಗೆ, ನಾಲ್ಕನೆಯದು 1580ರವರೆಗೆ. ಈ ಮೂರೂ ಬೇಕು. ಜೊತೆಗೆ ಎಕ್ಸ್‌ಚೆಕರ್ ರೋಲ್ಸ್, ಅಂದರೆ ರಾಜನ ಖಜಾನೆಯ ಲೆಕ್ಕ. ಹೆಚ್ಚಿನವರು ಗ್ರೇಟ್ ಸೀಲ್ ನೋಡಿ ಎದ್ದುಬಿಡುತ್ತಾರೆ. ನನ್ನ ಪ್ರಕಾರ ನಿಜವಾದ ಬೆಳೆ ಇರುವುದು ಎಕ್ಸ್‌ಚೆಕರ್ ಸಂಪುಟಗಳ ಕೊನೆಯಲ್ಲಿ ಸೇರಿಸಿರುವ ಸೇಸಿನ್ ಪಟ್ಟಿಯಲ್ಲಿ.

ಅಲ್ಲಿನ ಒಂದು ನಮೂದು ಹೀಗಿರುತ್ತದೆ. ಶೆರಿಫ್ (ಆ ಸೀಮೆಯ ರಾಜಾಧಿಕಾರಿ) ಇಷ್ಟು ಪೌಂಡಿಗೆ ಲೆಕ್ಕ ಕೊಡಬೇಕು. ಇಂಥ ಜಮೀನಿನ ಗೇಣಿ, ಮೂರು ಅವಧಿಯಿಂದ ರಾಜನ ಕೈಯಲ್ಲಿದೆ. ಅದರ ಮೇಲೆ ರಿಲೀಫ್, ಅಂದರೆ ಹೊಸ ವಾರಸುದಾರ ಕಟ್ಟುವ ಶುಲ್ಕ, ಇಷ್ಟು. ಸೇಸಿನ್ ಇಂಥವನಿಗೆ ಕೊಟ್ಟಿದೆ. ಓದುವವರು ಹೆಸರು ಬರೆದುಕೊಂಡು ಮುಂದೆ ಹೋಗುತ್ತಾರೆ. ನಾನು ನೋಡುವುದು ಆ "ಮೂರು ಅವಧಿ". ವರ್ಷಕ್ಕೆ ಎರಡೇ ಅವಧಿ, ಬೇಸಿಗೆ ಶುರುವಿನ ವಿಟ್ಸನ್ ಹಬ್ಬ ಮತ್ತು ನವೆಂಬರ್‌ನ ಮಾರ್ಟಿನ್‌ಮಸ್ ಹಬ್ಬ. ಸೇಸಿನ್ ಜನವರಿಯದಾಗಿದ್ದರೆ ಹಿಂದಕ್ಕೆ ಎಣಿಸಿ. ಹೋದ ನವೆಂಬರ್ ಒಂದು, ಅದರ ಹಿಂದಿನ ವಿಟ್ಸನ್ ಎರಡು, ಅದರ ಹಿಂದಿನ ನವೆಂಬರ್ ಮೂರು. ಅಂದರೆ ಹಳೆಯ ಒಡೆಯ ಸತ್ತದ್ದು ಆ ಮೂರನೇ ಅವಧಿಗೆ ಸ್ವಲ್ಪ ಮುಂಚೆ, ಆ ಬೇಸಿಗೆಯಲ್ಲೋ ಶರತ್ಕಾಲದಲ್ಲೋ. ಆರು ತಿಂಗಳ ಅಂತರದಲ್ಲಿ ಸಾವಿನ ದಿನ ಸಿಕ್ಕಿತು, ಅಲ್ವಾ? ಸಮಾಧಿ ಕಲ್ಲೂ ಬೇಡ, ಚರ್ಚ್ ಪುಸ್ತಕವೂ ಬೇಡ. ವಿಟ್ಸನ್ ಈಸ್ಟರ್ ಜೊತೆ ಹಿಂದೆ ಮುಂದೆ ಓಡಾಡುವ ಹಬ್ಬ, ಹಾಗಾಗಿ ಆ ವರ್ಷದ ಈಸ್ಟರ್ ನೋಡಿಕೊಳ್ಳುವುದು ಮರೆಯಬೇಡಿ.

ಜಮೀನಿನ ಕಾಗದದಲ್ಲಿ ವಯಸ್ಸು ಸಿಗಲ್ಲ ಅನ್ನುವವರೂ ಇದ್ದಾರೆ, ಅದಕ್ಕೂ ಉತ್ತರ ಇದೇ ಸಾಲಿನಲ್ಲಿದೆ. ಜಮೀನು ರಾಜನ ಕೈಯಲ್ಲಿದ್ದ ಕಾರಣವನ್ನೂ ಬರೆದಿರುತ್ತಾರೆ. ವಾರ್ಡ್ ಅಂತ ಇದ್ದರೆ ವಾರಸುದಾರ ಅಪ್ರಾಪ್ತ. ಗಂಡಾದರೆ 21ಕ್ಕೆ, ಹೆಣ್ಣಾದರೆ 14ಕ್ಕೆ ವಾರ್ಡ್ ಮುಗಿಯುತ್ತದೆ. ವಾರ್ಡ್ ಮುಗಿದ ವರ್ಷದಿಂದ ಕಳೆದರೆ ಹುಟ್ಟಿದ ವರ್ಷ ಸುಮಾರಾಗಿ ಬಂತು.

ಈ ಲೆಕ್ಕ ಒಂದು ಕಡೆ ನಡೆಯಲ್ಲ, ಆದರೆ ಅದೇ ಜಾಗ ನನಗೆ ಅತಿ ಹೆಚ್ಚು ಕೊಟ್ಟಿತು. 1513ರ ಆಗಸ್ಟ್ 24ರಂದು ನಾಲ್ಕನೇ ಜೇಮ್ಸ್ ರಾಜ ಟ್ವೈಜಲ್‌ಹಾ ಅನ್ನುವಲ್ಲಿ ಸೈನ್ಯದ ಜೊತೆ ಬೀಡುಬಿಟ್ಟಿದ್ದಾಗ ಒಂದು ಕಾಯ್ದೆ ಆಯಿತು. ಈ ದಂಡಯಾತ್ರೆಯಲ್ಲಿ ಸತ್ತವರ ವಾರಸುದಾರರಿಗೆ ವಾರ್ಡ್ ಇಲ್ಲ, ರಿಲೀಫ್ ಇಲ್ಲ, ವಯಸ್ಸಿನ ಅಡ್ಡಿಯೂ ಇಲ್ಲ. ಎರಡು ವಾರ ಕಳೆದು ಸೆಪ್ಟೆಂಬರ್ 9ಕ್ಕೆ ಇಂಗ್ಲಿಷರ ಎದುರು ಫ್ಲಾಡೆನ್ ಯುದ್ಧ ಆಯಿತು. ರಾಜನೇ ಉಳಿಯಲಿಲ್ಲ. ಆಮೇಲಿನ ನಮೂದುಗಳಲ್ಲಿ ರಿಲೀಫ್ ಇರಬೇಕಾದ ಜಾಗ ಖಾಲಿ. ಅಪ್ಪ ರಾಜನ ಬಾವುಟದ ಕೆಳಗೆ ಸತ್ತ ಅನ್ನುವ ಕಾರಣ ಮಾತ್ರ ಇರುತ್ತದೆ. ಆ ಪುಟಗಳನ್ನು ಓದುವಾಗ ಎದೆ ಭಾರವಾಗುತ್ತದೆ. ಕೂಸುಗಳಿಗೆಲ್ಲ ಜಮೀನು.

ಮರ್ಚಿಸ್ಟನ್‌ನ ಐದನೇ ಒಡೆಯ, ಸರ್ ಅಲೆಕ್ಸಾಂಡರ್, ಫ್ಲಾಡೆನ್‌ನಲ್ಲೇ ಹೋದ. ಆದರೆ ಅವನ ಅಪ್ಪ ಆರ್ಚಿಬಾಲ್ಡ್ ಇನ್ನೂ ಬದುಕಿದ್ದ. ಮಗನ ನಂತರವೂ ಕೆಲವು ವರ್ಷ ಅವನ ಹೆಸರು ಬರುತ್ತದೆ. ಒಡೆಯರನ್ನು ಸಾವಿನ ಕ್ರಮದಲ್ಲಿ ಜೋಡಿಸುವವರು ಇಲ್ಲಿ ಎಡವುತ್ತಾರೆ, ಅಪ್ಪನನ್ನೇ ಮಗನನ್ನಾಗಿ ಮಾಡಿಬಿಡುತ್ತಾರೆ. ಅಪ್ಪ ಬದುಕಿರುವಾಗಲೇ ಜಮೀನಿನ ಹಕ್ಕು ಮಗನಿಗೆ ಹೋಗಿ, ಉತ್ಪನ್ನ ಮಾತ್ರ ಸಾಯುವ ತನಕ ಅಪ್ಪನಿಗೆ ಉಳಿಯುವ ಪದ್ಧತಿ ಅಲ್ಲಿ ಮಾಮೂಲು. ಸೇಸಿನ್ ಕ್ರಮ ಹಿಡಿದರೆ ಈ ಗೋಜಲೇ ಇಲ್ಲ.

ಆರನೆಯವನೂ ಅಲೆಕ್ಸಾಂಡರ್, 1547ರ ಸೆಪ್ಟೆಂಬರ್‌ನಲ್ಲಿ ಪಿಂಕಿ ಯುದ್ಧದಲ್ಲಿ ಸತ್ತ. ಅವನ ಮಗ ಆರ್ಚಿಬಾಲ್ಡ್‌ಗೆ ಆಗ ಹದಿಮೂರು ಇರಬೇಕು. ಮಾರನೇ ವರ್ಷವೇ, 1548ರಲ್ಲಿ, ಅಪ್ರಾಪ್ತನಾದರೂ ಅರಸೊತ್ತಿಗೆಯ ವಿಶೇಷ ಅನುಮತಿಯಿಂದ ಎಡಿನ್‌ಬೆಲ್ಲಿ ಬ್ಯಾರನಿ (ಜಹಗೀರಿನಂಥ ದೊಡ್ಡ ಜಮೀನು) ಅವನ ವಶಕ್ಕೆ ಬಂತು. ಯಾಕಿಷ್ಟು ಅವಸರ? ಮದುವೆಗೆ. ಹೆಣ್ಣು ಜಾನೆಟ್ ಬಾತ್‌ವೆಲ್, ಆರ್ಕ್ನಿ ಬಿಷಪ್ ಆ್ಯಡಮ್ ಬಾತ್‌ವೆಲ್‌ನ ಸೋದರಿ. 1550ರಲ್ಲಿ ಮಗ ಹುಟ್ಟಿದ, ಅವನೇ ನಮ್ಮ ಗಣಿತಜ್ಞ. ಅಪ್ಪನಿಗೆ ಹದಿನಾರು! ಇದನ್ನು ನಾನು ಹೇಳಿದಾಗ "ಮಧ್ಯೆ ಒಂದು ತಲೆಮಾರು ಬಿಟ್ಟುಹೋಗಿದೆ, ಇನ್ನೊಮ್ಮೆ ನೋಡಿ" ಅಂದವರಿದ್ದರು. ನೋಡುವುದೇನೂ ಇರಲಿಲ್ಲ. ಜಮೀನು ನಡುವೆ ಇನ್ಯಾರ ಕೈಗೂ ಹೋಗಿಲ್ಲ. ಪುಸ್ತಕ ತೆರೆದಾಗ ಅಲ್ಲೂ ಅದೇ ಇತ್ತು.

ನನಗೆ ಅತಿ ಖುಷಿ ಕೊಟ್ಟದ್ದು ಮಾತ್ರ ಮೂರನೇ ಒಡೆಯ ಜಾನ್‌ನ ಹೆಂಡತಿಯ ಕಡೆ. ಲೆನಾಕ್ಸ್ ಸೀಮೆಯಲ್ಲಿ ನೇಪಿಯರ್‌ಗಳಿಗೆ ಇದ್ದಕ್ಕಿದ್ದಂತೆ ಕಾಲು ಪಾಲು ಬರುತ್ತದೆ. ಗಾರ್ಟ್‌ನೆಸ್ ಜಮೀನೂ ಅದರೊಳಗೇ. ಕಾಲು ಅಂದರೆ ಯಾರೋ ಪಾಲು ಮಾಡಿದ್ದಾರೆ. ಆಗ ಸ್ಕಾಟ್‌ಲೆಂಡಿನಲ್ಲಿ ಗಂಡು ಸಂತಾನ ಇಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸಮಪಾಲು. ಹಾಗಾಗಿ ಪಾಲಿನ ಕೆಳಗಿರುವ ಅಂಕಿಯೇ ವಂಶದ ಚಿತ್ರ. ಲೆನಾಕ್ಸ್ ಅರ್ಲ್ ಡಂಕನ್‌ನ ತಲೆ ತೆಗೆಸಿದ್ದು 1425ರಲ್ಲಿ, ಅಳಿಯ ಆಲ್ಬನಿ ಡ್ಯೂಕ್ ಮರ್ಡಾಕ್ ಜೊತೆಗೇ. ಡಂಕನ್‌ಗೆ ಹೆಣ್ಣುಮಕ್ಕಳು ಮೂವರು. ಮೂರರಲ್ಲೊಂದು, ಆರರಲ್ಲೊಂದು ಬರಬೇಕಿತ್ತಲ್ಲ? ಬಂದಿರುವುದು ಅರ್ಧ, ಕಾಲು, ಕಾಲು. ಅಂದರೆ ಒಬ್ಬಳ ಸಾಲು ಹಕ್ಕುಳ್ಳ ಮಕ್ಕಳಿಲ್ಲದೆ ನಿಂತುಹೋಗಿದೆ. ಅವಳೇ ಡ್ಯೂಕ್‌ನ ಹೆಂಡತಿ ಇಸಬೆಲ್ಲಾ. ಉಳಿದಿಬ್ಬರಲ್ಲಿ ಎಲಿಜಬೆತ್ ಕಡೆಯ ಅರ್ಧ ಡಾರ್ನ್ಲಿಯ ಸ್ಟೂವರ್ಟ್‌ಗಳಿಗೆ. 1473ರಲ್ಲಿ ಆ ಮನೆಯ ಜಾನ್ ಮುತ್ತಜ್ಜ ಡಂಕನ್‌ನ ವಾರಸುದಾರನಾಗಿ ನಿಂತ. ಮಾರ್ಗರೆಟ್ ಕಡೆಯ ಅರ್ಧ ರಸ್ಕಿಯ ಮೆಂಟೀತ್ ಮನೆಗೆ ಹೋಗಿ, ಅಲ್ಲಿ ಇಬ್ಬರು ಅಕ್ಕತಂಗಿಯರಲ್ಲಿ ಒಡೆಯಿತು. ಆ್ಯಗ್ನೆಸ್ ಪಾಲು ಗ್ಲೆನ್‌ಈಗಲ್ಸ್‌ನ ಹಾಲ್ಡೇನ್‌ಗಳಿಗೆ, ಎಲಿಜಬೆತ್ ಪಾಲು ಜಾನ್ ನೇಪಿಯರ್‌ಗೆ. ಒಂದು "ಕಾಲು" ಅನ್ನುವ ಪದದಿಂದ ನಾಲ್ಕು ತಲೆಮಾರು ಹಿಂದಕ್ಕೆ ಹೋದೆ. ಇದನ್ನು ಯಾವ ಹೆಸರಿನ ಸೂಚಿಯೂ ಕೊಡಲ್ಲ. ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರನ್ನೇ ಉಳಿಸಿಕೊಳ್ಳುತ್ತಿದ್ದರು, ಅದೂ ದೊಡ್ಡ ಅನುಕೂಲ.

ಇಲ್ಲಿ ಸ್ವಲ್ಪ ದಾರಿ ತಪ್ಪಿ ಮುದ್ರೆಗಳ ಕಡೆಗೂ ಹೋಗಿದ್ದೆ. ನೇಪಿಯರ್‌ಗಳ ಗುರಾಣಿಯಲ್ಲಿ ಓರೆ ಶಿಲುಬೆ, ನಾಲ್ಕು ಗುಲಾಬಿ. ಲೆನಾಕ್ಸ್ ಅರ್ಲ್‌ಗಳದ್ದೂ ಹೆಚ್ಚುಕಮ್ಮಿ ಅದೇ. ಲೆನಾಕ್ಸ್ ಮನೆಯ ಕಿರಿಯ ಮಗ ಯುದ್ಧದಲ್ಲಿ ಮೆರೆದು ಈ ವಂಶ ಶುರುವಾಯಿತು ಅಂತ ಕುಟುಂಬದಲ್ಲಿ ಕಥೆಯೂ ಇದೆ. ಚಂದದ ಕಥೆ. ಆದರೆ ಜಮೀನು ಅದನ್ನು ಹೇಳಲ್ಲ. ಜಮೀನಿನ ಸಾಲು ನಿಲ್ಲುವುದು ಮೊದಲ ಅಲೆಕ್ಸಾಂಡರ್ ಹತ್ತಿರ. ಅವನು ಎಡಿನ್‌ಬರೋ ವ್ಯಾಪಾರಿ, ಪ್ರೊವೋಸ್ಟ್ (ನಗರದ ಮುಖ್ಯಸ್ಥ) ಕೂಡ ಆಗಿದ್ದವನು. ನಾನೂ ಅಲ್ಲೇ ನಿಂತೆ.

ಅವನ ಮಗ, ಎರಡನೇ ಅಲೆಕ್ಸಾಂಡರ್, ರಾಜನ ಕಂಪ್ಟ್ರೋಲರ್, ಅಂದರೆ ಲೆಕ್ಕಪತ್ರದ ಅಧಿಕಾರಿ. 1439ರಲ್ಲಿ ಲಿವಿಂಗ್‌ಸ್ಟನ್ ಮನೆತನದವರು ರಾಜಮಾತೆ ಜೋನ್ ಬ್ಯೂಫೋರ್ಟ್‌ಳನ್ನು ಸ್ಟರ್ಲಿಂಗ್‌ನಲ್ಲಿ ಸೆರೆಹಿಡಿದಾಗ ಅಡ್ಡಬಂದು ಗಾಯಗೊಂಡ. ಅದಕ್ಕೆ ಪ್ರತಿಫಲವಾಗಿ ಫಿಲ್ಡ್ ಜಮೀನು ಸಿಕ್ಕಿತು. ಚಾರ್ಟರ್ ಮೇಲೆ ಮಾರ್ಚ್ 1449. ಆಗ ಅವರಿಗೆ ಹೊಸ ವರ್ಷ ಮಾರ್ಚ್ 25ಕ್ಕೆ, ಹಾಗಾಗಿ ನಮ್ಮ ಲೆಕ್ಕಕ್ಕೆ 1450. ಜನವರಿ 1ಕ್ಕೆ ಬದಲಾದದ್ದು 1600ರಲ್ಲಿ. ಈ ತಿದ್ದುಪಡಿಯನ್ನು ನನ್ನ ಟಿಪ್ಪಣಿ ಕಾರ್ಡಿನ ಮೂಲೆಯಲ್ಲಿ ಬೇರೆ ಬಣ್ಣದಲ್ಲಿ ಬರೆಯುತ್ತೇನೆ.

ಖರ್ಚು? ಹಳೆಯ ದಾಖಲೆಗಳಿರುವ ಎಡಿನ್‌ಬರೋದ ರಿಜಿಸ್ಟರ್ ಹೌಸ್‌ನ ಓದುವ ಕೋಣೆಗೆ ದುಡ್ಡಿಲ್ಲ, ನ್ಯಾಷನಲ್ ಲೈಬ್ರರಿ ಕಾರ್ಡಿಗೂ ಇಲ್ಲ. ಅಚ್ಚಾದ ಸಂಪುಟಗಳ ಸ್ಕ್ಯಾನ್ ಪುಕ್ಕಟೆ. ದುಡ್ಡು ತಿನ್ನುವುದು ಮೂಲ ಹಸ್ತಪ್ರತಿ. ಅಚ್ಚಿನ ಸಾರಾಂಶದಲ್ಲಿ ಬಿಟ್ಟುಹೋದದ್ದು ಬೇಕಾದರೆ ಲಿಪಿ ಓದುವವರಿಗೆ ಗಂಟೆಗೆ 40 ಪೌಂಡ್ ಆಸುಪಾಸು. ನಕಲು, ರೈಲು, ಊಟ ಎಲ್ಲಾ ಸೇರಿ ನೇಪಿಯರ್ ಕೆಲಸಕ್ಕೆ 600 ಪೌಂಡ್ ದಾಟಲಿಲ್ಲ ಅನ್ನಿಸುತ್ತೆ. ಅರ್ಧ ಹಣ ಎರಡೇ ಎರಡು ಚಾರ್ಟರ್‌ಗಳಿಗೆ. ಆಮೇಲೆ ಇದೇ ವಿಧಾನದಲ್ಲಿ ಕೆನಡಾದ ಗಿರಾಕಿಯೊಬ್ಬರ ಮನೆತನಕ್ಕೆ ಮೂರು ತಲೆಮಾರು ಸೇರಿಸಿಕೊಟ್ಟೆ. ಬಂದ ಶುಲ್ಕದಲ್ಲಿ ಹಾಕಿದ್ದು ಪೂರ್ತಿ ವಾಪಸ್, ಮೇಲೆ ಒಂದಿಷ್ಟು ಉಳಿಯಿತು ಕೂಡ.

ಊರುಗಳ ಸೂಚಿಯನ್ನು ಯಾವ ಕ್ರಮದಲ್ಲಿ ನೋಡುತ್ತೇನೆ, ಪಕ್ಕದ ಜಮೀನಿನವರನ್ನು ಹೇಗೆ ಬಳಸುತ್ತೇನೆ ಅಂತ ಕೇಳುವವರಿದ್ದಾರೆ. ಅವೆರಡನ್ನು ಹೇಳಲ್ಲ. ನನ್ನ ಹೊಟ್ಟೆಪಾಡು ಅದರಲ್ಲಿದೆ. ಉಳಿದದ್ದೆಲ್ಲ ಇಲ್ಲಿದೆ, ಮಾಡಿ ನೋಡಿ.

ಈಗ ಹಾಲ್ಡೇನ್‌ಗಳ ಕಾಲು ಪಾಲು ಹಿಡಿದಿದ್ದೇನೆ. ಅಲ್ಲೂ ಸರ್ ಜಾನ್ ಹಾಲ್ಡೇನ್ ಫ್ಲಾಡೆನ್‌ನಲ್ಲೇ ಸತ್ತವನು, ಹಾಗಾಗಿ ರಿಲೀಫ್ ಇಲ್ಲದ ನಮೂದಿನಿಂದಲೇ ಶುರು ಮಾಡಿದ್ದೇನೆ. ಎರಡು ಕಾಲು ಸೇರಿ ಮಾರ್ಗರೆಟ್‌ಳ ಅರ್ಧ ಆಗಬೇಕು. ಊರು ಊರಾಗಿ ಕೂಡಿಸುತ್ತಾ ಬಂದಿದ್ದೇನೆ, ಇನ್ನು ರಸ್ಕಿ ಬಾಕಿ.