ಪೋರ್ಟ್ ಬದಲಿಸುವ ಮೊದಲು ಬಗೆದು ನೋಡಿ

ಕೇಬಲ್ ಪೂರ್ತಿ ಒಳಗೆ ಹೋಗುವುದಿಲ್ಲ, ಸ್ವಲ್ಪ ಅಲುಗಿದರೂ ಚಾರ್ಜ್ ನಿಂತುಹೋಗುತ್ತದೆ ಎಂದು ನನ್ನ ಮೇಜಿಗೆ ಬರುವ ಫೋನ್‌ಗಳಲ್ಲಿ ಮುಕ್ಕಾಲು ಪಾಲಿಗೆ ಪೋರ್ಟ್ ಕೆಟ್ಟಿರುವುದೇ ಇಲ್ಲ. ಈ ಮಾತಿಗೆ ಜೊತೆಯವರು ನಕ್ಕಿದ್ದರು. ಕೆರೆದು ಕಳಿಸಿದ ಫೋನ್ ವಾರದಲ್ಲಿ ವಾಪಸ್ ಬರುತ್ತದೆ, ಹಳೆಯದನ್ನು ಕಿತ್ತು ಹೊಸದನ್ನು ಬೆಸೆಯುವುದೇ ಸರಿ ಎಂಬುದು ಅವರ ವಾದ. ವಾಪಸ್ ಬರುತ್ತಿದ್ದುದು ನಿಜ. ಆದರೆ ಅವರು ಕೆರೆಯುತ್ತಿದ್ದುದು ಕಣ್ಣಿಗೆ ಕಾಣುವ ಕಸವನ್ನು ಮಾತ್ರ. ತೊಂದರೆ ಕೊಡುವ ಕಸ ಹಿಂದಿನ ಗೋಡೆಗೆ ಅಂಟಿ ಕುಳಿತಿರುತ್ತದೆ.

ಟೈಪ್-ಸಿ ಬಾಯಿಯ ಎತ್ತರ ಸುಮಾರು 2.5 ಮಿಲಿಮೀಟರ್. ನಡುವೆ ಚಾಚಿಕೊಂಡ, ಪಿನ್‌ಗಳನ್ನು ಹೊತ್ತ ನಾಲಿಗೆಯ ದಪ್ಪ 0.7 ಮಿಲಿಮೀಟರ್. ಮೇಲೂ ಕೆಳಗೂ ಉಳಿಯುವುದು ಒಂದು ಮಿಲಿಮೀಟರ್‌ಗಿಂತ ಕಡಿಮೆ. ಜೇಬಿನ ಜುಂಗು ಇದರೊಳಗೆ ಸೇರಿದರೆ, ಪ್ರತಿ ಸಲ ಕೇಬಲ್ ಚುಚ್ಚಿದಾಗಲೂ ಪ್ಲಗ್ಗೇ ಅದನ್ನು ಹಿಂದಕ್ಕೆ ತಳ್ಳಿ ಗಟ್ಟಿ ಮಾಡುತ್ತದೆ. ಅರ್ಧ ಮಿಲಿಮೀಟರ್ ಪದರ ಕಟ್ಟಿದರೂ ಸಾಕು, ಪ್ಲಗ್ ಕಚ್ಚಿಕೊಳ್ಳುವುದಿಲ್ಲ.

ಬಗೆಯುವ ಮೊದಲು ಒಂದು ಪರೀಕ್ಷೆ ಮಾಡುತ್ತೇನೆ. ಚೆನ್ನಾಗಿರುವ ಕೇಬಲ್ ಒಂದು ಬದಿಯಲ್ಲಿ ಚಾರ್ಜ್ ಮಾಡಿ, ತಿರುಗಿಸಿ ಹಾಕಿದಾಗ ಸುಮ್ಮನಾದರೆ, ಫೋನ್ ಮತ್ತು ಚಾರ್ಜರ್ ಪರಸ್ಪರ ಗುರುತಿಸಿಕೊಳ್ಳುವ ಸಿಸಿ ಪಿನ್ ಮೇಲೆ ಅನುಮಾನ. ನಾಲಿಗೆಯ ಎರಡು ಮುಖಗಳಲ್ಲಿ ಸೇರಿ 24 ಪಿನ್‌ಗಳಿವೆ. ವಿದ್ಯುತ್ತಿನ ಪಿನ್‌ಗಳು ಎರಡೂ ಮುಖದಲ್ಲಿವೆ, ಒಂದೆರಡು ಮುಚ್ಚಿಹೋದರೂ ನಡೆಯುತ್ತದೆ. ಸಿಸಿ ಮಾತ್ರ ಮುಖಕ್ಕೊಂದು. ಕೇಬಲ್ ಹಾಕಿದ ದಿಕ್ಕಿಗೆ ತಕ್ಕಂತೆ ಅವೆರಡರಲ್ಲಿ ಒಂದೇ ಕೆಲಸಕ್ಕೆ ಬರುತ್ತದೆ. ಆ ಒಂದರ ಮೇಲೆ ಕೊಳೆ ಕುಳಿತರೆ ಫೋನಿಗೂ ಚಾರ್ಜರಿಗೂ ಮಾತುಕತೆಯೇ ಇರುವುದಿಲ್ಲ.

ಹಲ್ಲುಕಡ್ಡಿಯನ್ನು ಎಲ್ಲರೂ ಹೇಳುತ್ತಾರೆ. ಹಾಗೆಯೇ ಹಾಕಿದರೆ ತುದಿಯಷ್ಟೇ ಹೋಗುತ್ತದೆ, ಉಳಿದದ್ದು ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ತೆಳ್ಳಗೆ ಕೆತ್ತಿದರೆ ನಾರು ಸೀಳಿ ಒಳಗೇ ಉಳಿಯುತ್ತದೆ. ಜುಂಗಿನ ಜೊತೆ ಮರದ ಸಿಬಿರನ್ನೂ ಹೆಕ್ಕುವ ಕೆಲಸ ಬೇರೆ. ಸಿಮ್ ತೆಗೆಯುವ ಪಿನ್ ಇನ್ನೂ ಕೆಟ್ಟದ್ದು. ಪೋರ್ಟಿನ ಪಿನ್‌ಗಳ ಚಿನ್ನದ ಲೇಪ ಗೀರಿಹೋದ ಜಾಗದಲ್ಲಿ ಮುಂದೆ ಕಿಲುಬು ಹಿಡಿಯುತ್ತದೆ. ವಿದ್ಯುತ್ ತರುವ ವಿಬಸ್ ಪಿನ್ನಿನ ಪಕ್ಕದಲ್ಲೇ ಸಿಸಿ ಇದೆ. ಲೋಹದ ಚೂರೊಂದು ಅವೆರಡನ್ನು ಸೇರಿಸಿದ ಫೋನಿಗೆ ಚಾರ್ಜರ್ ಹಾಕಿದರೆ ಒಳಗಿನ ಚಿಪ್ ಸುಟ್ಟುಹೋಗಬಹುದು. ಹಲ್ಲಿನ ಸಂದಿಗೆ ಬಳಸುವ ಪುಟ್ಟ ಬ್ರಷ್ ಮೆತ್ತಗಿದೆ ಎಂದು ಮೋಸ ಹೋಗಬೇಡಿ, ಅದರ ನಡುವೆ ತಂತಿ ಇದೆ.

ಗಾಳಿ ಡಬ್ಬಿಗಳಿಗೆ ನಾನು ಸುರಿದ ಹಣಕ್ಕೆ ಒಂದು ಒಳ್ಳೆಯ ಸೂಕ್ಷ್ಮದರ್ಶಕ ಬರುತ್ತಿತ್ತು. ಸಡಿಲ ಧೂಳು ಹಾರುತ್ತದೆ, ಒತ್ತಿ ಕುಳಿತದ್ದು ಮಿಸುಕುವುದಿಲ್ಲ. ಡಬ್ಬಿಯನ್ನು ಓರೆ ಮಾಡಿದರೆ ಒಳಗಿನ ದ್ರವವೇ ಚಿಮ್ಮುತ್ತದೆ. ಪಕ್ಕದಲ್ಲೇ ಮೈಕಿನ ತೂತು ಇದೆ ಎಂಬುದು ಗಾಳಿ ಬಿಡುವವರಿಗೆ ನೆನಪಿರುವುದಿಲ್ಲ. ಬಾಯಿಂದ ಊದಿದರೆ ಉಸಿರಿನ ತೇವವೂ ಒಳಗೆ ಹೋಗುತ್ತದೆ.

ಕೊನೆಗೆ ನನ್ನ ಕೈಗೆ ಹತ್ತಿದ್ದು ಕಸದ ಬುಟ್ಟಿಯ ವಸ್ತು. ಇಯರ್‌ಫೋನ್, ಕೇಬಲ್ ಮುಂತಾದವು ಬರುವ ಪಾರದರ್ಶಕ ಗಟ್ಟಿ ಪ್ಲಾಸ್ಟಿಕ್ ಇದೆಯಲ್ಲ, ಅದರಿಂದ ಒಂದೂವರೆ ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ ತುದಿಯನ್ನು ಚೂರೇ ಚೂರು ಮಡಚಿ ಕೊಕ್ಕೆ ಮಾಡುತ್ತೇನೆ. ದಪ್ಪ ಕಾಲು ಮಿಲಿಮೀಟರ್ ಆಸುಪಾಸು ಇದ್ದರೆ ಸರಿ. ಮಡಚಿದ ತುದಿ ನೇರವಾಗದೆ ನಿಲ್ಲಲು ಏನು ಮಾಡುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಫೋನ್ ಆಫ್ ಮಾಡಿ, ಪೋರ್ಟಿನ ಬಾಯಿ ನೆಲದತ್ತ ಇರುವಂತೆ ಹಿಡಿದು, ಓರೆಯಿಂದ ಬೆಳಕು ಬಿಡುತ್ತೇನೆ. ಪಟ್ಟಿ ನಾಲಿಗೆಯನ್ನು ಮುಟ್ಟಬಾರದು, ಹೊರಗಿನ ಲೋಹದ ಗೋಡೆಗೆ ಒರಗಿಕೊಂಡೇ ಒಳಹೋಗಬೇಕು. ದುಂಡಗಿನ ಎರಡು ಮೂಲೆಗಳಲ್ಲಿ ಮೊದಲು ಕೊಕ್ಕೆ ಹಾಕಿ ನನ್ನತ್ತ ಎಳೆಯುತ್ತೇನೆ. ತಳ್ಳುವುದು ಎಂಬುದೇ ಇಲ್ಲ. ಮೂಲೆಯ ಕಸ ಬಿಟ್ಟುಕೊಂಡರೆ ಉಳಿದದ್ದು ಅದರ ಹಿಂದೆಯೇ ಬರುತ್ತದೆ: ಒತ್ತಿದ ಕಂಬಳಿಯ ಚೂರಿನಂತೆ ಬೂದು ಬಣ್ಣದ ತುಂಡು, ಅದರ ಮೇಲೆ ಪ್ಲಗ್ಗಿನ ಅಂಚಿನ ಅಂಡಾಕಾರದ ಅಚ್ಚು. ಆ ಅಚ್ಚು ಕಾಣದೆ ಬರೀ ಎಳೆಗಳು ಬಂದರೆ ಕೆಲಸ ಮುಗಿದಿಲ್ಲ ಎಂದೇ ಲೆಕ್ಕ.

ದ್ರವ ಬೇಕಾದರೆ ಕೊನೆಗೆ, ಪಿನ್‌ಗಳ ಮೇಲೆ ಜಿಡ್ಡು ಕಂಡರೆ ಮಾತ್ರ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ಅದೂ ಪಟ್ಟಿಗೆ ಸುತ್ತಿದ ನಯವಾದ ಬಟ್ಟೆಯ ತುಣುಕು ತೇವವಾಗುವಷ್ಟೇ. 70 ಶೇಕಡಾದ್ದರಲ್ಲಿ ಉಳಿದ ಭಾಗ ನೀರು. ಆಮೇಲೆ ಹತ್ತು ಹದಿನೈದು ನಿಮಿಷ ಹಾಗೇ ಬಿಡುತ್ತೇನೆ. ಮೊದಲೇ ಸ್ಪಿರಿಟ್ ಬಿಟ್ಟು ನೋಡಿದ್ದೂ ಉಂಟು: ಜುಂಗು ನೆನೆದು ಕೆಸರಾಗಿ ಸಂದಿಗಳಲ್ಲಿ ಇಳಿಯಿತು. ಅಂಟುಜೇಡಿಯನ್ನು ಒತ್ತಿ ಕಿತ್ತು ನೋಡಿದೆ, ಜುಂಗಿನ ಜಾಗದಲ್ಲಿ ಅದೇ ಉಳಿಯಿತು. ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಸಣ್ಣ ಕೊಳವೆ ಕಟ್ಟಿದ್ದು ಮಾತ್ರ ಪರವಾಗಿಲ್ಲ, ಆದರೆ ಕೊಕ್ಕೆಯಿಂದ ಸಡಿಲ ಮಾಡಿದ ಮೇಲೆ.

ಹಳೆಯ ಐಫೋನ್‌ಗಳ ಲೈಟ್ನಿಂಗ್ ಪೋರ್ಟ್‌ನಲ್ಲಿ ನಾಲಿಗೆ ಇಲ್ಲ, ಜಾಗ ಧಾರಾಳ. ಒಂದೇ ಬದಿಗಿರುವ ಎಂಟು ಪಿನ್‌ಗಳು ಸ್ಪ್ರಿಂಗಿನಂತೆ ಬಾಗುವಂಥವು, ಕೊಕ್ಕೆಗೆ ಸಿಕ್ಕರೆ ಎದ್ದುಬರುತ್ತವೆ. ಅವುಗಳ ಎದುರು ಗೋಡೆಯ ಮೇಲೆಯೇ ಪಟ್ಟಿ ಜಾರಲಿ.

ನಂಬದವರ ಬಾಯಿ ಮುಚ್ಚಿಸಿದ್ದು ಕೇಬಲ್‌ನಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುವ ಯುಎಸ್‌ಬಿ ಮೀಟರ್. ಅವರೇ ಪೋರ್ಟ್ ಹೋಗಿದೆ ಎಂದು ಪಕ್ಕಕ್ಕಿಟ್ಟಿದ್ದ ಫೋನ್ ಅದು. ಮೊದಲು 5 ವೋಲ್ಟ್, ಅರ್ಧ ಆಂಪಿಯರ್ ಅಷ್ಟೇ ತೋರಿಸುತ್ತಿತ್ತು. ಬಗೆದ ಮೇಲೆ 9 ವೋಲ್ಟ್, ಒಂದೂವರೆ ಆಂಪಿಯರ್‌ಗಿಂತ ಮೇಲೆ. ಅವರಲ್ಲಿ ಒಬ್ಬರು ಈಗ ಇಂಥವನ್ನು ನನಗೇ ಕಳಿಸುತ್ತಾರೆ. ಕೂಲಿ ಪೋರ್ಟ್ ಬದಲಿಸುವುದರ ಐದನೇ ಒಂದು ಭಾಗವೂ ಇಲ್ಲ, ಒಪ್ಪುತ್ತೇನೆ. ಬದಲಿಸಲು ಒಂದು ಗಂಟೆಗೂ ಮೇಲೆ ಬೇಕು, ಇದಕ್ಕೆ ಹತ್ತು ನಿಮಿಷ. ಬೋರ್ಡ್ ಸುಟ್ಟೀತೆಂಬ ಭಯವೂ ಇಲ್ಲ.

ನಾಲಿಗೆ ಅಲುಗಾಡಿದರೆ, ಪಿನ್‌ಗಳು ಹಸಿರು ತಿರುಗಿದ್ದರೆ ಅಥವಾ ಕರಕಲಾಗಿದ್ದರೆ ಕೊಕ್ಕೆಗೆ ಕೆಲಸವಿಲ್ಲ, ಬೆಸುಗೆಯೇ ಗತಿ. ಕೊಕ್ಕೆಯ ತುದಿ ಬೆಳ್ಳಗಾದರೆ ಮುರಿಯುವ ಹೊತ್ತು ಹತ್ತಿರ ಬಂತೆಂದು ತಿಳಿದು ಎಸೆಯಿರಿ. ಒಂದು ಡಬ್ಬಿಯ ಪ್ಲಾಸ್ಟಿಕ್‌ನಲ್ಲಿ ಇಪ್ಪತ್ತು ಮೂವತ್ತು ಪಟ್ಟಿಗಳಾದರೂ ಆಗುತ್ತವೆ.