ಮಿಸೊ ಸವರಿದ ಬದನೆಕಾಯಿ: ಜಪಾನಿನ ನಾಸು ದೆಂಗಾಕು ಮಾಡುವ ಬಗೆ

ಉದ್ದಕ್ಕೆ ಸೀಳಿದ ಬದನೆಕಾಯಿಯನ್ನು ಬೇಯಿಸಿ, ಸಿಹಿ ಬೆರೆತ ಮಿಸೊ (ಸೋಯಾ ಕಾಳು ಹುದುಗಿಸಿ ಮಾಡುವ ಜಪಾನಿನ ಉಪ್ಪಾದ ಪೇಸ್ಟ್) ಸವರಿ, ಮೇಲಿನಿಂದ ಕಾವು ಕೊಟ್ಟು ಕಂದು ಬಣ್ಣ ಬರಿಸಿದರೆ ಅದೇ ನಾಸು ದೆಂಗಾಕು. ಮನೆಯಲ್ಲಿ ಇದು ಕೆಡುವುದು ಹೆಚ್ಚಾಗಿ ಬದನೆ ಬೇಯುವ ಮೊದಲೇ ಮಿಸೊ ಹಚ್ಚುವುದರಿಂದ. ಬದನೆಗೆ ಹತ್ತು ನಿಮಿಷವಾದರೂ ಬೇಕು. ಸಕ್ಕರೆ ಬೆರೆತ ಮಿಸೊ ಜೋರು ಕಾವಿನಲ್ಲಿ ನಾಲ್ಕೈದು ನಿಮಿಷಕ್ಕೇ ಕರಕಲಾಗುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಬೇಯಿಸಿ, ಕೊನೆಯಲ್ಲಿ ಸೇರಿಸಿ.

ಇಬ್ಬರಿಗೆ ಬೇಕಾಗುವುದು: ತಲಾ 200 ಗ್ರಾಂ ತೂಗುವ 2 ನೇರಳೆ ಬದನೆಕಾಯಿ, 3 ದೊಡ್ಡ ಚಮಚ ಎಣ್ಣೆ, 3 ದೊಡ್ಡ ಚಮಚ ಮಿಸೊ, 2 ದೊಡ್ಡ ಚಮಚ ಮಿರಿನ್ (ಅಡುಗೆಗೆ ಬಳಸುವ ಸಿಹಿಯಾದ ಅಕ್ಕಿಯ ಮದ್ಯ), 1 ದೊಡ್ಡ ಚಮಚ ಸಾಕೆ (ಜಪಾನಿನ ಅಕ್ಕಿಯ ಮದ್ಯ), ಒಂದೂವರೆ ದೊಡ್ಡ ಚಮಚ ಸಕ್ಕರೆ, ಹುರಿದ ಬಿಳಿ ಎಳ್ಳು. ಉಪ್ಪು ಎಲ್ಲಿಯೂ ಬೇಡ, ಮಿಸೊದಲ್ಲಿರುವುದೇ ಧಾರಾಳ.

ಬದನೆ ಗಟ್ಟಿಯಾಗಿ, ಸಿಪ್ಪೆ ಬಿಗಿಯಾಗಿ ಹೊಳೆಯುತ್ತಿರಲಿ. ಬಲಿತದ್ದರಲ್ಲಿ ಬೀಜವೇ ಹೆಚ್ಚು. ಉದ್ದಕ್ಕೆ ಎರಡು ಹೋಳು ಮಾಡಿ, ತಿರುಳಿನ ಮೇಲೆ ಒಂದು ಸೆಂಟಿಮೀಟರ್ ಅಂತರದಲ್ಲಿ ಅಡ್ಡಡ್ಡ ಓರೆಗೆರೆ ಕೊಯ್ಯಿರಿ. ಚಾಕು ಆಳಕ್ಕೆ ಇಳಿಯಬೇಕು, ಸಿಪ್ಪೆ ಮಾತ್ರ ತುಂಡಾಗಬಾರದು. ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ ಸುತ್ತಲೂ ಒಂದು ಗೆರೆ ಎಳೆದರೆ ತಿನ್ನುವಾಗ ತಿರುಳು ಸಲೀಸಾಗಿ ಬಿಟ್ಟುಬರುತ್ತದೆ. ಹೆಚ್ಚಿದ ಕೂಡಲೇ ಬಾಣಲೆಗೆ ಹಾಕುವುದಾದರೆ ನೀರಲ್ಲಿ ನೆನೆಸುವ ಅಗತ್ಯವಿಲ್ಲ. ನೆನೆಸಿದರೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಒದ್ದೆ ಬದನೆ ಎಣ್ಣೆ ಸಿಡಿಸುತ್ತದೆ, ಬಣ್ಣವೂ ಕಟ್ಟುವುದಿಲ್ಲ.

ಎಣ್ಣೆಯನ್ನು ಬಾಣಲೆಗೆ ಸುರಿಯುವ ಬದಲು ತಿರುಳಿಗೇ ಸವರಿ. ಬದನೆಯ ಒಳಗೆಲ್ಲ ಗಾಳಿಯ ಸಂದುಗಳು; ಸುರಿದ ಎಣ್ಣೆಯನ್ನು ಮೊದಲು ಬಿದ್ದ ಜಾಗವೇ ಹೀರಿಬಿಡುತ್ತದೆ. ಬಾಣಲೆ ಒಣಗಿತೆಂದು ಮತ್ತೆ ಎಣ್ಣೆ ಹಾಕಬೇಡಿ. ಬಿಸಿಗೆ ಆ ಸಂದುಗಳು ಕುಸಿದಾಗ ಹೀರಿದ ಎಣ್ಣೆ ಒಂದಷ್ಟು ತಾನಾಗಿ ಹೊರಬರುತ್ತದೆ.

ತಿರುಳಿನ ಮುಖ ಕೆಳಗಾಗಿಸಿ ನಡು ಉರಿಯಲ್ಲಿ 4–5 ನಿಮಿಷ ಬಿಡಿ. ಹೊಂಬಣ್ಣ ಬಂದ ಮೇಲೆ ಮಗುಚಿ, 2 ದೊಡ್ಡ ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 5–6 ನಿಮಿಷ. ತೊಟ್ಟಿನ ಹತ್ತಿರ ಚಾಕುವಿನ ತುದಿ ಚುಚ್ಚಿ ನೋಡಿ. ಕೊನೆಗೆ ಬೇಯುವುದು ಆ ಭಾಗ. ಅಲ್ಲಿ ತಡೆಯಿಲ್ಲದೆ ಇಳಿಯಬೇಕು. ಅರೆಬೆಂದ ಬದನೆ ರಬ್ಬರಿನಂತೆ ಎಳೆಯುತ್ತದೆ, ಅದನ್ನು ಯಾವ ಲೇಪವೂ ಕಾಪಾಡದು.

ಅಷ್ಟರಲ್ಲಿ ಸಣ್ಣ ಪಾತ್ರೆಯಲ್ಲಿ ಮಿರಿನ್, ಸಾಕೆ ಒಂದು ನಿಮಿಷ ಕುದಿಸಿ, ಮದ್ಯದ ಹಸಿ ವಾಸನೆ ಹೋಗಲಿ. ಉರಿ ಸಣ್ಣ ಮಾಡಿ ಸಕ್ಕರೆ, ಮಿಸೊ ಹಾಕಿ 2–3 ನಿಮಿಷ ಬಿಡದೆ ತಿರುವಿ. ಚಮಚದಿಂದ ನಿಧಾನವಾಗಿ ಜಾರುವಷ್ಟು ಗಟ್ಟಿಯಾದರೆ ಸಾಕು. ಆರಿದಾಗ ಇನ್ನಷ್ಟು ಬಿಗಿಯುತ್ತದೆ. ಕ್ಯೋಟೊದ ಸಾಯ್ಕ್ಯೊ ಬಿಳಿ ಮಿಸೊ ತಾನೇ ಸಿಹಿ, ಸಕ್ಕರೆ ಅರ್ಧಕ್ಕೆ ಇಳಿಸಿ. ಐಚಿ ಪ್ರಾಂತ್ಯದ ಕಡುಗಂದು ಹಾಚ್ಚೊ ಮಿಸೊ ಸೋಯಾ ಕಾಳಿನಿಂದಷ್ಟೇ ಆದದ್ದು, ರುಚಿಯಲ್ಲಿ ಒಗರು. ಅದಕ್ಕೆ ಸಕ್ಕರೆ, ಮಿರಿನ್ ಎರಡೂ ತುಸು ಹೆಚ್ಚು ಬೇಕು. ಮದ್ಯ ಬೇಡವೆನ್ನುವವರು 3 ದೊಡ್ಡ ಚಮಚ ನೀರು, ಎರಡು ಸಣ್ಣ ಚಮಚ ಹೆಚ್ಚುವರಿ ಸಕ್ಕರೆ ಬಳಸಬಹುದು. ಹೊಳಪು ಕಡಿಮೆಯಾಗುತ್ತದೆ, ಅಷ್ಟೇ. ಸಸ್ಯಾಹಾರಿಗಳು ಮಿಸೊ ಪೊಟ್ಟಣದ ಚೀಟಿ ಓದಿಯೇ ಕೊಳ್ಳಿ: ದಾಶಿ ಎಂಬ ಜಪಾನಿನ ತಿಳಿಸಾರು ಬೆರೆತ ಮಿಸೊದಲ್ಲಿ ಮೀನಿನ ಸಾರ ಇರುವುದುಂಟು.

ಬೆಂದ ಹೋಳುಗಳ ಮೇಲಿನ ಎಣ್ಣೆ, ನೀರನ್ನು ಕಾಗದದಿಂದ ಒತ್ತಿ ತೆಗೆಯಿರಿ, ಇಲ್ಲದಿದ್ದರೆ ಲೇಪ ಜಾರುತ್ತದೆ. ಎರಡು ಮಿಲಿಮೀಟರ್ ದಪ್ಪಕ್ಕೆ ಮಿಸೊ ಸವರಿ. ಓಟಿಜಿ ಓವನ್ನನ್ನು 230 ಡಿಗ್ರಿಗೆ ಮೊದಲೇ ಕಾಯಿಸಿ, ಮೇಲಿನ ಕಡ್ಡಿಗಳನ್ನಷ್ಟೇ ಉರಿಸಿ 3–4 ನಿಮಿಷ ಇಡಿ. ಲೇಪ ಗುಳ್ಳೆಯೆದ್ದು ಅಲ್ಲಲ್ಲಿ ಕಂದಿದೊಡನೆ ತೆಗೆಯಬೇಕು, ಕಣ್ಣು ತಪ್ಪಿಸಬೇಡಿ. ಓವನ್ ಇಲ್ಲದವರು ಲೇಪ ಸವರಿ ಬಾಣಲೆಯಲ್ಲೇ ಒಂದು ನಿಮಿಷ ಮುಚ್ಚಿಟ್ಟರೆ ಕಂದು ಬಾರದಿದ್ದರೂ ರುಚಿ ಇರುತ್ತದೆ. ಲೇಪದ ಮುಖವನ್ನು ಬಾಣಲೆಗೆ ಮಗುಚಿದರೆ ಮಾತ್ರ ಅಂಟಿ, ಸುಟ್ಟು, ಎರಡೂ ಹಾಳು.

ಎಳ್ಳು ಉದುರಿಸಿ ಬಿಸಿಯಿರುವಾಗಲೇ ಬಡಿಸಿ. ಕ್ಯೋಟೊದಲ್ಲಿ ಇದಕ್ಕೆ ದುಂಡನೆಯ ಕಾಮೊ ಬದನೆ ಹೆಸರುವಾಸಿ, ಅದನ್ನು ಅಡ್ಡಕ್ಕೆ ದಪ್ಪ ಬಿಲ್ಲೆಯಾಗಿ ಕೊಯ್ಯುತ್ತಾರೆ. ಉಡುಪಿಯ ಮಟ್ಟುಗುಳ್ಳ ಸಿಕ್ಕರೆ ಹಾಗೆಯೇ ಎರಡೂವರೆ ಸೆಂಟಿಮೀಟರ್ ಬಿಲ್ಲೆ ಮಾಡಿ ನೋಡಬಹುದು; ಆಗ ಎರಡೂ ಮುಖ ಹುರಿಯಬೇಕು. ಉಳಿದ ಲೇಪ ಮುಚ್ಚಿದ ಗಾಜಿನ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿ ಒಂದು ವಾರ ಕೆಡದು. ತೋಫುವಿಗೂ ಸವರಬಹುದು.